ಮಗ್ಗದ ಕೆಳಗ ಕಸಾ ಹೊಡದ ಹುಡುಗೂರು: ಬರ್ನ್ಲಿ ಅನ್ನೂ ಊರಿನ ಮಾತು

(ಹೋದ ತಿಂಗಳ ಹುಬ್ಬಳ್ಳ್ಯಾಗ ನಮ್ಮ ಓದುಬಳಗದವರ ಮುಂದ ಮಾತಾಡಿದ್ದು. ಬರದು ಕೊಡ್ರಿ ಅಂತ ಎರಡ್ಮೂರು ಮಂದಿ ಗಂಟುಬಿದ್ದಿದ್ದಕ್ಕ ಬರದೀನಿ. ಬಾಯಿಲೆ ಆಡಿದ್ದು ಹೆಂಗಿತ್ತೋ ಹಂಗ ಇಟ್ಟೀನಿ, ಆಮ್ಯಾಲೆ ನೆನಪಾದದ್ದು ಒಂದೆರಡು ನಡುವ ಸೇರಸೀನಿ.)

ಲಂಡನ್ ನೋಡಿದವರು ಕೈ ಎತ್ರಿ ಅಂದೆ, ಎಂಟ್ಹತ್ತು ಕೈ ಮ್ಯಾಲೆದ್ದುವು. ಬರ್ನ್ಲಿ ನೋಡಿದವರು ಅಂದೆ, ಒಂದೂ ಇಲ್ಲ. ಹಂಗ ಆಗತೈತಿ ಅಂತ ನನಗ ಗೊತ್ತಿತ್ತು, ಯಾಕಂದ್ರ ಬರ್ನ್ಲಿಗೆ ಟೂರಿಗಂತ ಯಾರೂ ಹೋಗೂದಿಲ್ಲ, ನಾನೂ ಹಂಗ ಹೋದಾಕಿ ಅಲ್ಲ. ಕಂಪ್ಯೂಟರ್ ಕೆಲಸ, ಕಂಪನ್ಯಾವರು ಹಾಕಿದ್ರು, ಹೋದೆ. ಉತ್ತರ ಇಂಗ್ಲೆಂಡಿನ ಲ್ಯಾಂಕಾಷೈರಿನ್ಯಾಗ, ಮ್ಯಾಂಚೆಸ್ಟರಿನಿಂದ ಉತ್ತರಕ್ಕ ಒಂದು ತಾಸಿನ ದಾರಿ. ಆರು ವರ್ಷ ಇದ್ದೆ. ನಾ ಇತಿಹಾಸ ಓದಿದಾಕಿ ಅಲ್ಲ, ಅದನ್ನ ಮೊದಲ ಹೇಳಿಬಿಡ್ತೀನಿ, ಇವತ್ತು ನಾ ಹೇಳೂದ್ರಾಗ ಅರ್ಧ ಅಲ್ಲಿನ ಲೈಬ್ರರಿಯೊಳಗ ಓದಿದ್ದು, ಇನ್ನರ್ಧ ನಮ್ಮ ಬಾಜೂ ಮನಿ ಅಜ್ಜಿ ಹೇಳಿದ್ದು, ಯಾವ ಅರ್ಧ ಹೆಚ್ಚಿಂದು ಅಂದ್ರ ನಾ ಅಜ್ಜಿ ಕಡೆ.

ಮನಿ ಹೆಂಗ ಅಂದ್ರ ನಮ್ಮ ಹುಬ್ಬಳ್ಳಿ ಗಿರಣಿ ಚಾಳ ನೆನಸ್ಕೊಳ್ರಿ. ಒಂದಕ್ಕೊಂದು ಗ್ವಾಡಿ ಹಚ್ಚಿ ಸಾಲಾಗಿ ಕಟ್ಟಿದ ಕಲ್ಲಿನ ಮನಿ, ಕೆಳಗ ಎರಡು ಖೋಲಿ, ಮ್ಯಾಲ ಎರಡು ಖೋಲಿ, ಮುಂದ ಅಂಗಳ ಇಲ್ಲ, ಬಾಗಲಾ ತಗದ್ರ ನೇರ ಓಣಿ. ಹಿಂದ ಒಂದು ಸಣ್ಣ ಹಿತ್ತಲ, ಅದರಾಚೆ ಬೋಳ, ಅಂದ್ರ ಸಣ್ಣ ಸಂದಿ. ಓಣಿ ತುದಿಗೆ ಗಿರಣಿಯ ಚಿಮಣಿ. ನಾ ಹೋಗೂದ್ರಾಗ ಚಿಮಣಿ ಇತ್ತು, ಹೊಗಿ ಇರಲಿಲ್ಲ.

ಬಾಜೂ ಮನ್ಯಾಗ ಇದ್ದ ಅಜ್ಜಿಗೆ ಆಗ ಎಂಬತ್ತು ದಾಟಿತ್ತು. ಹೋದ ಎರಡನೇ ದಿನಾನ ಬಾಗಲಾ ಬಡದು ಒಂದು ತಾಟಿನ್ಯಾಗ ಕೇಕ್ ತಂದು ಕೊಟ್ಟು, ಎಲ್ಲಿಂದ ಬಂದಿ ಲವ್ ಅಂದ್ರು. ಅಲ್ಲೆ ಎಲ್ಲಾರಿಗೂ ಲವ್ ಅನ್ನೂದ, ಬಸ್ ಕಂಡಕ್ಟರೂ ಅಂತಾನ, ಅಂಗಡ್ಯಾಕಿನೂ ಅಂತಾಳ, ನಮ್ಮಲ್ಲೆ ಗುರ್ತಿಲ್ಲದವರಿಗೂ ತಮ್ಮಾ ತಂಗೀ ಅಂತೀವಲ್ಲ ಹಂಗ. ನನಗ ಮೊದಮೊದಲ ಮಾರಿ ಕೆಂಪಾಗ್ತಿತ್ತು. ಇಂಡಿಯಾ ಅಂದೆ. ಇಂಡಿಯಾದಾಗ ಎಲ್ಲೆ ಅಂದ್ರು. ಧಾರವಾಡ, ಹತ್ತಿ ಬೆಳಿಯೂ ಸೀಮಿ ಅಂದೆ, ಸ್ವಲ್ಪ ಜಂಬದಿಂದನ ಅಂದೆ ಅಂತ ಇಟ್ಕೊಳ್ರಿ, ಯಾಕಂದ್ರ ಇದು ಹತ್ತಿ ಗಿರಣಿ ಊರು ಅಂತ ಅಷ್ಟೊತ್ತಿಗೆ ತಿಳದಿತ್ತು. ಅಜ್ಜಿ ನನ್ನ ಮಾರಿ ನೋಡಿ, ಓ, ಸೂರತ್, ಅಂದ್ರು. ಅಂದು ನಕ್ಕರು. ನಾ ಅಂದೆ ಸೂರತ್ ಗುಜರಾತಿನ್ಯಾಗ ಐತಿ, ನಮ್ಮದು ಬ್ಯಾರೆ. ಅವರು ಮತ್ತ ನಕ್ಕರು.

ಆ ನಗಿ ಯಾಕ ಅಂತ ತಿಳ್ಯಾಕ ನನಗ ಒಂದು ವರ್ಷ ಬೇಕಾತು.

ಲ್ಯಾಂಕಾಷೈರಿನ್ಯಾಗ ಹತ್ತಿ ಒಂದು ಗಿಡಾನೂ ಬೆಳ್ಯೂದಿಲ್ಲ. ವರ್ಷಪೂರ್ತಿ ಜಿಟಿಜಿಟಿ ಮಳಿ, ಹವಾದಾಗ ತ್ಯಾವ, ಆ ತ್ಯಾವಕ್ಕ ನೂಲು ಹರಿಯೂದು ಕಡಿಮಿ. ನೀರು ಮೆದು, ಕಾಲಕೆಳಗ ಕಲ್ಲಿದ್ದಲು, ಬಾಜೂಕ ಲಿವರ್‌ಪೂಲ್ ಬಂದರ. ಲಿವರ್‌ಪೂಲಿಗೂ ಲೀಡ್ಸಿಗೂ ನಡುವ 127 ಮೈಲು ಉದ್ದದ ಕಾಲುವಿ ತೋಡಿದ್ರು, 1816ರಾಗ ಮುಗೀತು, ಅದು ಬರ್ನ್ಲಿ ಊರ ನಡುವನ ಹಾದು ಹೋಗತೈತಿ, ಒಂದು ಕಡೆ ಅಂತೂ ಮನಿ ಮಾಡಿಗಿಂತ ಎತ್ತರದ ಒಡ್ಡಿನ ಮ್ಯಾಲ ಹರೀತೈತಿ, ಕೆಳಗ ಓಣ್ಯಾಗ ನಿಂತು ಮ್ಯಾಲ ನೋಡಿದ್ರ ದೋಣಿ ಹೊಂಟಿರ್ತಾವ. 20ನೇ ಶತಮಾನ ಶುರು ಆಗೂದ್ರಾಗ ಇದೊಂದ ಊರಿನ್ಯಾಗ ಒಂದು ಲಕ್ಷದ ಹತ್ರ ಮಗ್ಗ. ಜಗತ್ತಿನ್ಯಾಗ ಇಷ್ಟು ಮಗ್ಗ ಇದ್ದ ಊರು ಇನ್ನೊಂದು ಇರಲಿಲ್ಲ. ಮತ್ತ ಆ ಅರಿವಿ ಯಾರು ಉಡ್ತಿದ್ರು? ನಮ್ಮ ಮುತ್ತಜ್ಜ ಮುತ್ತಜ್ಜಿ. 1913ರ ಹೊತ್ತಿಗೆ ಲ್ಯಾಂಕಾಷೈರಿನವರು ಹೊರಗ ಕಳಸೂ ಅರಿವಿ ಸುಮಾರು 700 ಕೋಟಿ ಗಜ, ಅದ್ರಾಗ 300 ಕೋಟಿ ಗಜದಷ್ಟು ಹಿಂದುಸ್ತಾನಕ್ಕನ.

ಈಗ ಆ ಸೂರತ್ ಅನ್ನೂ ಮಾತಿಗೆ ಬರ್ತೀನಿ. 1861ರಾಗ ಅಮೆರಿಕಾದವರು ತಮ್ಮತಮ್ಮೊಳಗ ಯುದ್ಧಕ್ಕ ನಿಂತ್ರು. ಉತ್ತರದವರ ಹಡಗ ದಕ್ಷಿಣದವರ ಬಂದರ ಅಡ್ಡಗಟ್ಟಿದುವು. ಲ್ಯಾಂಕಾಷೈರಿಗೆ ಬರೂ ಹತ್ತಿಯೊಳಗ ಮುಕ್ಕಾಲ ಪಾಲು ಅಲ್ಲಿಂದ ಬರ್ತಿತ್ತು, ಗುಲಾಮರು ಬಿಡಿಸಿದ ಹತ್ತಿ. ಅದು ನಿಂತಿತು, ಗಿರಣಿ ನಿಂತುವು. 1862ರ ಚಳಿಗಾಲಕ್ಕ ಗಿರಣಿ ಮಂದ್ಯಾಗ ಅರ್ಧಕ್ಕಿಂತ ಹೆಚ್ಚು ಮಂದಿಗೆ ಕೆಲಸ ಇಲ್ಲ. ಅಲ್ಲಿನವರು ಇದಕ್ಕ ಹತ್ತಿ ಬರಗಾಲ ಅಂತನ ಅಂತಾರ. ಮಳಿ ಬಿದ್ದದ್ದು ಬಿದ್ದಂಗ ಐತಿ, ಬರಗಾಲ!

ಆವಾಗ ಮಾಲಕರ ಕಣ್ಣು, ಸರ್ಕಾರದ ಕಣ್ಣು ನಮ್ಮ ಕಡೆ ತಿರುಗಿತು. ಧಾರವಾಡದ ಹೆಸರು ಅವರಿಗೆ ಹೊಸದಲ್ಲ ಮತ್ತ. 1840ರ ದಶಕದಾಗನ ಅಮೆರಿಕಾದಿಂದ ಹತ್ತಿ ಬೆಳಿಯೂ ತೋಟದವರನ್ನ ಕರಸಿ, ನ್ಯೂ ಆರ್ಲಿಯನ್ಸ್ ಬೀಜ ತರಸಿ, ಇಲ್ಲೇ ನಮ್ಮ ಹುಬ್ಬಳ್ಳಿ ಬಾಜೂಕ ಕುಸುಗಲ್ಲಿನ್ಯಾಗ ಬಿತ್ತಿಸಿ ನೋಡಿದ್ರು. ಇಲ್ಲಿನ ಎರಿ ಹೊಲಕ್ಕ ಅದು ಹೊಂದಿಕೊಂಡಿತು, ಅದಕ್ಕ ಧಾರವಾರ್ ಅಮೆರಿಕನ್ ಅಂತನ ಹೆಸರು ಬಿತ್ತು. ನಮ್ಮ ಜವಾರಿ ಹತ್ತಿಗೆ ಅವರ ಪ್ಯಾಟ್ಯಾಗಿನ ಹೆಸರು ಕುಮ್ಟಾ. ಕುಮಟಾದಾಗ ಎಲ್ಲ್ಯೋ ಹತ್ತಿ ಬೆಳೀತಾರ? ಬೆಳ್ಯೂದಿಲ್ಲ, ಎತ್ತಿನ ಗಾಡ್ಯಾಗ, ಎತ್ತಿನ ಬೆನ್ನಮ್ಯಾಲ ಘಟ್ಟ ಇಳಿಸಿ ಕುಮಟಾ ಬಂದರದಾಗ ಹಡಗ ಹತ್ತಸ್ತಿದ್ರು, ಕೊಳ್ಳಾವರಿಗೆ ಹಡಗ ಹತ್ತಿದ ಊರಿನ ಹೆಸರಷ್ಟ ಗೊತ್ತು. 1862ರಾಗ ಉತ್ತರ ಕನ್ನಡ ಜಿಲ್ಲಾ ಮದ್ರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕ ಹಚ್ಚಿದ್ರಲ್ಲ, ಅದ್ರ ಹಿಂದೂ ಇದ ಲೆಕ್ಕ, ಕಾರವಾರದಾಗ ಬಂದರ ಮಾಡಿ ಹತ್ತಿ ಸಾಗಸಬೇಕು ಅಂತ.

ಹತ್ತಿ ಹೋತು. ಹೋಗಿ ಅಲ್ಲಿ ಏನಾತು ಅನ್ನೂದು ನಮ್ಮ ಸಾಲಿ ಪುಸ್ತಕದಾಗ ಇಲ್ಲ.

ಹಿಂದುಸ್ತಾನದಿಂದ ಬಂದ ಎಲ್ಲಾ ಹತ್ತಿಗೂ ಅವರು ಒಂದ ಹೆಸರು ಇಟ್ಟಿದ್ರು, ಸೂರತ್ ಅಂತ. ಧಾರವಾಡದ್ದೂ ಸೂರತ್, ನಾಗಪುರದ್ದೂ ಸೂರತ್. ಎಳಿ ಗಿಡ್ಡ, ಅಮೆರಿಕಾದ ಹತ್ತಿಗೆ ಅಂತ ಮಾಡಿದ ಮಷಿನ್ಯಾಗ ಹಾಕಿದ್ರ ಹೆಜ್ಜಿಗೊಮ್ಮೆ ಹರಿಯೂದು. ಮ್ಯಾಲ ಅದರ ತುಂಬ ಎಲಿ, ಬೀಜ, ಮಣ್ಣು. ನಡುವಿನ ವ್ಯಾಪಾರಸ್ಥರು ತೂಕಕ್ಕ ಅಂತ ನೀರೂ ಹೊಡೀತಿದ್ರು, ಉಸುಕೂ ಸೇರಸ್ತಿದ್ರು, ಅದನ್ನ ಮುಚ್ಚಿಡಾಕ ನಾ ಹೋಗೂದಿಲ್ಲ. ನೇಕಾರಗ ಪಗಾರ ದಿನದ ಲೆಕ್ಕದಾಗ ಅಲ್ಲ, ನೇಯ್ದ ತುಣುಕಿನ ಲೆಕ್ಕದಾಗ. ನೂಲು ಹರದ್ರ ಮಗ್ಗ ನಿಲ್ಲೂದು, ಮಗ್ಗ ನಿಂತ್ರ ರೊಕ್ಕ ಇಲ್ಲ. ಒಂದು ಚರ್ಚಿನ್ಯಾಗ ಪಾದ್ರಿ, ದೇವರೇ ನಮಗ ಹತ್ತಿ ಕಳಸಪ್ಪಾ, ಅಂತ ಪ್ರಾರ್ಥನಾ ಮಾಡೂಮುಂದ ಹಿಂದಿನ ಬೆಂಚಿನಿಂದ ಒಬ್ಬಾಂವ, ಕಳಸು ಖರೆ, ಸೂರತ್ ಮಾತ್ರ ಬ್ಯಾಡ, ಅಂದ್ನಂತ. ಕತಿ ಇರಬಹುದು. ಆದ್ರ ಕೋರ್ಟಿನ ಮಾತು ಕತಿ ಅಲ್ಲ: ರೋಚ್‌ಡೇಲಿನ ಬಿಯರ್ ಮಾಡಾವರು ತಮಗ ಒಬ್ಬಾಂವ ಸೂರತ್ ಬಿಯರಿನವರು ಅಂದಾನ ಅಂತ 1863ರಾಗ ಮಾನನಷ್ಟದ ಖಟ್ಲೆ ಹಾಕಿದ್ರು. ಅಂದ್ರ ಆ ಶಬ್ದ ಅಷ್ಟು ಕೆಟ್ಟಿತ್ತು, ಕಲಬೆರಕಿ ಅಂತ ಅರ್ಥ ಆಗಿಬಿಟ್ಟಿತ್ತು. ಅಜ್ಜಿ ನಕ್ಕಿದ್ದು ಅದಕ್ಕ. ನೂರೈವತ್ತು ವರ್ಷ ಆದಮ್ಯಾಲೂ ಆ ಮನಿತನದಾಗ ಆ ಬೈಗುಳ ಉಳದಿತ್ತು ನೋಡ್ರಿ, ಮನ್ಯಾಗ ಏನರೆ ಖೊಟ್ಟಿ ಸಾಮಾನ ಬಂದ್ರ ಅವರ ಅಜ್ಜಿ ಸೂರತ್ ಅಂತ ಬಾಜೂಕ ಸರಸ್ತಿದ್ರಂತ.

ನನಗ ಮನಸಿಗೆ ಹತ್ತಿದ್ದು ಬೈಗುಳ ಅಲ್ಲ. ಆಗಿನ ಕಾಯ್ದೆ ಪ್ರಕಾರ ಎಂಟು ವರ್ಷ ತುಂಬಿದ ಕೂಸು ಗಿರಣಿಯೊಳಗ ಅರ್ಧ ದಿನ ದುಡಿಬಹುದಿತ್ತು. ಸಣ್ಣ ಹುಡುಗೂರಿಗೆ ಕೊಡೂ ಕೆಲಸ ಏನು, ಮಷಿನ್ ನಡದಾಗನ ಅದರ ಕೆಳಗ ತೂರಿ, ಬಿದ್ದ ಅರಳಿ, ಧೂಳು, ಕಸಾ ಹೊಡದು ಹೊರಗ ಬರೂದು. ಹತ್ತಿ ಎಷ್ಟು ಹೊಲಸೋ ಅಷ್ಟು ಸಲ ಒಳಗ ತೂರಬೇಕು. ಅಂದ್ರ ನಮ್ಮ ನವಲಗುಂದ ಅಣ್ಣಿಗೇರಿ ಹೊಲದ ಎರಿ ಮಣ್ಣು ಅಲ್ಲೆ ಮಗ್ಗದ ಕೆಳಗ ಬಿದ್ದಿರಬೇಕು, ಅದನ್ನ ಯಾವದೋ ಕೂಸು ಕೈಯಾಗಿನ ಕಸಬರಗಿಲೆ ಬಳದಿರಬೇಕು. ಇಲ್ಲೆ ನಮ್ಮ ಕಡೆ ಹತ್ತಿ ಬಿಡಸಾವರೊಳಗೂ ಎಷ್ಟ ಹುಡುಗೂರು ಇದ್ರೋ. ಆ ಎರಡ್ಮೂರು ವರ್ಷ ನಮ್ಮ ಸೀಮ್ಯಾಗ ಹತ್ತಿಗೆ ಬಂಗಾರದ ರೇಟು, 1865ರಾಗ ಅಲ್ಲೆ ಯುದ್ಧ ಮುಗಿಯೂದ ತಡ ಇಲ್ಲೆ ರೇಟು ಧಡಂತ ಬಿತ್ತು.

ರೋಚ್‌ಡೇಲಿನ ಮ್ಯಾಲಿನ ಗುಡ್ಡದಾಗ ಒಂದು ಕಲ್ಲಹಾಸಿನ ರಸ್ತಾ ಐತಿ, ರೂಲಿ ಮೂರ್ ರಸ್ತಾ ಅಂತ. ಬರಗಾಲದಾಗ ಕೆಲಸ ಕಳಕೊಂಡ ಗಿರಣಿ ಮಂದಿಗೆ ದುಡಿಮಿ ಕೊಡಾಕ ಅಂತ ಹಾಕಿಸಿದ್ದು, ಒಂದೊಂದ ಕಲ್ಲು ಕಡದು ಕೂಡಸಿದ್ದು. ಅದರ ಮ್ಯಾಲ ಒಂದು ರವಿವಾರ ನಡದು ಬಂದೀನಿ, ಸುತ್ತಲೂ ಹುಲ್ಲು, ಕುರಿ, ಗಾಳಿ, ಮನಿ ಮಠ ಏನೂ ಇಲ್ಲ. ನೂಲು ಹಿಡದು ಮೆತ್ತಗಾದ ಕೈ ಅವು, ಆ ಕೈಯಾಗ ಗುದ್ದಲಿ ಕೊಟ್ರು. ನಮ್ಮಲ್ಲೆ ಬರದ ಕಾಮಗಾರಿ ಕಲ್ಲು ಒಡದ ಕತಿ ಹೇಳೂ ಹಿರ್ಯಾರು ಇನ್ನೂ ಅದಾರ, ಅವರಿಗೆ ಇದನ್ನ ಬಿಡಿಸಿ ಹೇಳೂದು ಬ್ಯಾಡ.

ಇರ್ಲಿ, ಅಜ್ಜಿ ಮನಿಗೆ ಹೋಗೂಣು.

ಅಜ್ಜಿಯ ಅವ್ವ 1900ರಾಗ ಹುಟ್ಟಿದಾಕಿ, ಹಾಫ್ ಟೈಮರ್. ಆ ಹೊತ್ತಿಗೆ ಕಾಯ್ದೆ ಸುಧಾರಿಸಿ ವಯಸ್ಸು 12ಕ್ಕ ಏರಿಸಿದ್ರು. ಹನ್ನೆರಡು ತುಂಬಿದ ಮರುವಾರ ಗಿರಣಿ. ಒಂದು ವಾರ ಮುಂಜಾನೆ ಆರಕ್ಕ ಗಿರಣಿ, ಮಧ್ಯಾಹ್ನ ಸಾಲಿ. ಮುಂದಿನ ವಾರ ಮುಂಜಾನೆ ಸಾಲಿ, ಮಧ್ಯಾಹ್ನ ಗಿರಣಿ. ನೇಕಾರ ಹೆಣಮಗಳ ಕೈಕೆಳಗ ಸಣ್ಣ ಆಳು, ಟೆಂಟರ್ ಅಂತಿದ್ರು, ಮಗ್ಗ ಒರಸೂದು, ಕೆಳಗ ಕಸಾ ಹೊಡೆಯೂದು, ಮಗ್ಗದಾಗ ಅತ್ತಿಂದಿತ್ತ ಓಡೂ ಲಾಳಿಗೆ ಕಂಡಿಕಿ, ಅಂದ್ರ ನೂಲು ಸುತ್ತಿದ ಕೊಳವಿ, ಹಾಕಿ ಕೊಡೂದು. ಮಧ್ಯಾಹ್ನ ಸಾಲ್ಯಾಗ ಕುಂತ್ರ ನಿದ್ದಿ. ಮಾಸ್ತರೂ ಎಬ್ಬಸ್ತಿರಲಿಲ್ಲ, ಮಲಗಲಿ ಬಿಡು ಅಂತ ಬಿಡ್ತಿದ್ರಂತ. ಈ ಪದ್ಧತಿ ನಿಲ್ಲಿಸೂ ಕಾಯ್ದೆ ಬಂದದ್ದು 1918ರಾಗ, ಪೂರಾ ನಿಂತಿದ್ದು 1921ರಾಗ. ನಾ ಅಂದ್ಕೊಂಡಿದ್ದೆ ಮಾಲಕರು ಅಡ್ಡ ಬಂದಿರಬೇಕು, ತಾಯಿತಂದಿ ಕುಣದಿರಬೇಕು ಅಂತ. ಉಲ್ಟಾ. ತಾಯಿತಂದಿ, ಗಿರಣಿ ಯೂನಿಯನ್ನಿನವರು ಸುದ್ಧಾ ಇರಲಿ ಅಂತಿದ್ರು, ಮನಿಗೆ ಬರೂ ನಾಕು ಕಾಸು ಬಿಡಾಕ ಯಾರಿಗೂ ಆಗ್ತಿರಲಿಲ್ಲ. ಅಜ್ಜಿಗೆ ಇದು ಗೊತ್ತಿತ್ತು. ನಮ್ಮವ್ವನ ಕಳಿಸಿದ್ದು ಮಾಲಕ ಅಲ್ಲ ಲವ್, ನಮ್ಮ ಅಜ್ಜ, ಅಂದ್ರು. ಹಂಗ ಸುಮ್ಮನ ಅಂದ್ರು, ಸಿಟ್ಟಿಲ್ಲದ.

ಅಜ್ಜಿ ತಾವು ಹುಟ್ಟಿದ್ದು 1928ರಾಗ. ಅವರ ನೆನಪಿನ್ಯಾಗ ಮೊದಲನೇದು ಸಪ್ಪಳ. ಮುಂಜಾನೆ ಐದಕ್ಕ ಕಿಡಕಿ ಮ್ಯಾಲ ಟಕಟಕ. ಅಲಾರಾಮ್ ಗಡಿಯಾರ ಕೊಳ್ಳೂ ತಾಕತ್ತು ಇಲ್ಲದ ಕಾಲ, ಹಿಂಗಾಗಿ ಎಬ್ಬಸೂದ ಒಂದು ಉದ್ಯೋಗ, ನಾಕರ್ ಅಪ್ ಅಂತ ಅವರ ಹೆಸರು. ಉದ್ದ ಗಳ, ಅದರ ತುದಿಗೆ ತಂತಿ ಕಟ್ಟಿರ್ತಿದ್ರು, ಮಾಡಿ ಮ್ಯಾಲಿನ ಕಿಡಕಿ ಗಾಜಿಗೆ ಗೀರಿದ್ರ ಒಳಗಿನವರು ಎದ್ದು ಕೈ ತೋರಿಸೂತನಾ ಮುಂದಿನ ಮನಿಗೆ ಹೋಗ್ತಿರಲಿಲ್ಲ. ವಾರಕ್ಕ ಇಷ್ಟು ಪೆನ್ನಿ ಅಂತ ಗುತ್ತಿಗಿ. ಆಮ್ಯಾಲೆ ಎರಡನೇ ಸಪ್ಪಳ, ಕ್ಲಾಗ್ಸಿಂದು. ಕಟಗಿ ಅಟ್ಟಿ, ಮ್ಯಾಲ ಚರ್ಮ, ಕೆಳಗ ಕುದುರಿ ಲಾಳದಂಗ ಕಬ್ಬಿಣದ ಪಟ್ಟಿ. ನೂರಾರು ಮಂದಿ ಕಲ್ಲಹಾಸಿನ ಓಣ್ಯಾಗ ಒಂದ ಹೊತ್ತಿಗೆ ಹೊಂಟ್ರ ಮನಿಯೊಳಗಿನ ಕಪ್ಪು ಬಶಿ ನಡಗ್ತಿದ್ದುವಂತ. ಹುಡುಗೂರ ಕಾಲಾಗೂ ಅದ. ಕತ್ತಲಾದಮ್ಯಾಲ ಓಡಿಬಂದು ಕಾಲು ಜಾಡಿಸಿ ಕಲ್ಲಿಗೆ ಒದ್ದು ಕಿಡಿ ಹಾರಸೂದು, ಯಾರದು ಉದ್ದ ಕಿಡಿ ಅಂತ ಪಂದ್ಯ. ಪಟ್ಟಿ ಸವದು ಮನಿಗೆ ಬಂದ್ರ ಅವ್ವನ ಕೈಯಾಗ ಏಟು. ಬರ್ಫ ಬಿದ್ದಾಗ ಅಟ್ಟಿ ಕೆಳಗ ಅದು ಅಂಟಿ ಅಂಟಿ ದಪ್ಪ ಆಗಿ ಎಲ್ಲಾರೂ ಒಂದು ಗೇಣು ಎತ್ತರ ಬೆಳೀತಿದ್ದಿವಿ ಅಂತ ಹೇಳಿ ಅಜ್ಜಿ ನಿಂತು ನಡದು ತೋರಸ್ತಿದ್ರು.

ಸಂಡಾಸದ ಮಾತು ಆಡಬೇಕೋ ಬ್ಯಾಡೋ, ಚಾ ಕುಡಿಯೂ ಹೊತ್ತು. ಆಡ್ತೀನಿ. ಬರ್ನ್ಲಿ ಕಡೆ ಟಿಪ್ಲರ್ ಅಂತ ಒಂದು ನಮೂನಿ ಇತ್ತು. ಹಿತ್ತಲದಾಗ ಸಣ್ಣ ಕಲ್ಲಿನ ಗೂಡು, ಕೆಳಗ ಆಳ ಬಾಂವಿಯಂಥಾ ಕೊಳವಿ. ಅಡಗಿಮನಿ ಮುಸರಿ ನೀರು, ಅರಿವಿ ಒಗದ ನೀರು ಹರದು ಬಂದು ನೆಲದೊಳಗಿನ ಒಂದು ತೊಟ್ಟಿಯೊಳಗ ನಿಲ್ಲೂದು. ತೊಟ್ಟಿ ತುಂಬಿದ ಕೂಡಲೆ ತಾನ ಬಗ್ಗಿ ಧಬಾ ಅಂತ ಎಲ್ಲಾ ನೀರು ಒಮ್ಮೆಲೆ ಸುರೀತೈತಿ, ಕೊಳವಿ ತೊಳದು ಹೋಗತೈತಿ. ಶ್ಯಾಣೆತನದ ಕೆಲಸ, ಒಂದು ಹನಿ ಹೊಸ ನೀರು ಬ್ಯಾಡ. ಆದ್ರ ಯಾವಾಗ ಬಗ್ಗತೈತಿ ಅಂತ ಯಾರಿಗೂ ಗೊತ್ತಿಲ್ಲ. ಐದು ವರ್ಷದ ಹುಡಗಿ ಕತ್ತಲದಾಗ ಒಬ್ಬಾಕಿನ ಕುಂತಾಗ ಕೆಳಗಿಂದ ಆ ಗರ್ಜನಿ. ಒಳಗ ಒಂದು ಹುಲಿ ಐತಿ ಅಂತ ಅಣ್ಣ ಹೇಳಿಕೊಟ್ಟಿದ್ನಂತ, ಏಳು ವರ್ಷದ ತನಕ ನಂಬಿದ್ದೆ ಅಂದ್ರು.

ಜಳಕ ವಾರಕ್ಕೊಮ್ಮೆ, ಶುಕ್ರವಾರ ರಾತ್ರಿ. ಹಿತ್ತಲ ಗ್ವಾಡಿಗೆ ಮೊಳಿ ಹೊಡದು ತೂಗ ಹಾಕಿದ ತಗಡಿನ ತೊಟ್ಟಿ ತಂದು ಬೆಂಕಿ ಮುಂದ ಇಟ್ಟು, ನೀರು ಕಾಸಿ ಸುರದು, ಅದ ನೀರಿನ್ಯಾಗ ಒಬ್ಬರಾದಮ್ಯಾಲ ಒಬ್ಬರು. ಅಜ್ಜಿ ಮನ್ಯಾಗ ಎಲ್ಲಾರಿಗಿಂತ ಸಣ್ಣಾಕಿ, ಹಿಂಗಾಗಿ ಕಡೇ ಪಾಳಿ. ಮುಳುಗಿ ಎದ್ರ ಮೊದಲಿಗಿಂತ ಹೊಲಸ ಆಗ್ತಿದ್ದೆ ಅಂತಿದ್ರು.

ನಮ್ಮ ಹೆಣಮಕ್ಕಳಿಗೆ ಭಾಳ ಸೇರೂ ಒಂದು ಸಂಗತಿ ಐತಿ ಕೇಳ್ರಿ. ಚಿಂದಿ ಅರಿವಿ ಕೊಳ್ಳಾಂವ ಕುದುರಿ ಗಾಡಿ ಹೊಡಕೊಂಡು ಓಣ್ಯಾಗ ಬರ್ತಿದ್ದ. ಹಳೇ ಅರಿವಿ ಕೊಟ್ರ ರೊಕ್ಕ ಕೊಡ್ತಿರಲಿಲ್ಲ, ಡಾಂಕಿ ಸ್ಟೋನ್ ಅಂತ ಒಂದು ಕಲ್ಲು ಕೊಡ್ತಿದ್ದ, ಕಲ್ಲಿನ ಪುಡಿ ಸಿಮೆಂಟು ಬ್ಲೀಚು ಕೂಡಿಸಿ ಅಚ್ಚಿನ್ಯಾಗ ಹಾಕಿದ್ದು, ಸಾಬಾಣದ ಬಿಲ್ಲಿ ಹಂಗ ಇರೂದು. ಹೆಣಮಕ್ಕಳು ಮೊಣಕಾಲೂರಿ ಹೊಸ್ತಲ ತೊಳದು, ಹಸಿ ಇದ್ದಾಗನ ಆ ಕಲ್ಲಿಲೆ ಅಂಚಿನ ಗುಂಟ ಬಿಳಿ, ಇಲ್ಲಾ ಕೆನಿ ಬಣ್ಣದ ಗೆರಿ ತಿಕ್ಕೂದು. ಯಾವ ಮನಿ ಹೊಸ್ತಲ ಹೆಂಗೈತಿ ಅನ್ನೂದ್ರ ಮ್ಯಾಲ ಆ ಮನಿ ಹೆಣಮಗಳ ಮಾನ. ಹುಡುಗೂರು ಅದನ್ನ ತುಳೀದ ಜಿಗದ ಒಳಗ ಹೋಗಬೇಕು, ತುಳದ್ರ ಮುಗೀತು. ನಾ ನಮ್ಮ ರಂಗೋಲಿ ಫೋಟೋ ತೋರಸಿದೆ. ಅಜ್ಜಿ ಭಾಳ ಹೊತ್ತು ನೋಡಿ ಕೇಳಿದ್ದು ಒಂದ ಪ್ರಶ್ನಿ, ದಿನಾ ಅಳಿಸಿ ದಿನಾ ಹಾಕ್ತೀರಾ? ಹೌದು ಅಂದೆ. ನಾವು ವಾರಕ್ಕೆರಡು ಸಲ, ಅಂದ್ರು. ಸೋತವರ ದನಿಯೊಳಗ.

ನವೆಂಬರ್ 5ರ ಬೆಂಕಿ ಹಬ್ಬದ ಮಾತಂತೂ ಕೇಳಬ್ಯಾಡ್ರಿ. 1605ರಾಗ ಪಾರ್ಲಿಮೆಂಟಿಗೆ ಮದ್ದಿಟ್ಟು ಹಾರಸಾಕ ಹೋಗಿ ಸಿಕ್ಕಿಬಿದ್ದ ಗೈ ಫಾಕ್ಸನ ಬೊಂಬಿ ಮಾಡಿ ಸುಡೂದು. ಒಂದು ತಿಂಗಳ ಮೊದಲಿಂದ ಓಣಿ ಓಣಿ ಹುಡುಗೂರು ಕಟಗಿ ಕೂಡಹಾಕೂದು, ಬಾಜೂ ಓಣಿಯವರು ರಾತ್ರಿ ಬಂದು ಕದಿಯೂದು, ಇವರು ಕಾವಲ ಕೂಡೂದು, ಹೋಗಿ ಅವರದ್ದ ಕದ್ದು ತರೂದು. ಮುರದ ಕುರ್ಚಿ, ಹಿತ್ತಲ ಬಾಗಲಾ, ಏನ ಕೈಗೆ ಸಿಕ್ರೂ ಹೋತು. ನಾ ಕೂತಲ್ಲೆ ನಗಾಕತ್ತೆ. ಕಟಗಿ ಕುಳ್ಳು ಕದ್ದರು ಅಂತ ಬಾಯಿ ಬಡಕೊಂತ ಓಣಿ ತಿರಗಿದವರಿಗೆ ಕಾಮಣ್ಣನ ಕತಿ ನಾ ಏನು ಹೇಳಲಿ! ಅಜ್ಜಿಗೆ ಹನ್ನೊಂದು ಆದಾಗ ಯುದ್ಧ ಶುರುವಾತು, ರಾತ್ರಿ ದೀಪ ಬಂದ್, ಬೆಂಕಿ ಹಬ್ಬನೂ ಬಂದ್. 1942ರಿಂದ ಮಿಠಾಯಿಗೂ ರೇಶನ್, ಅದು ಎದ್ದದ್ದು 1953ರಾಗ, ಅಷ್ಟೊತ್ತಿಗೆ ಅಜ್ಜಿಗೆ ಇಪ್ಪತ್ನಾಕು. ಮಿಠಾಯಿ ಸಿಗೂ ಹೊತ್ತಿಗೆ ನನ್ನ ಹಲ್ಲು ಇರಲಿಲ್ಲ ಅಂದ್ರು. ಹಲ್ಲಿಂದು ಬ್ಯಾರೆ ಕತಿ, ಹೇಳ್ತೀನಿ.

ಸೂಟಿ ಅಂದ್ರ ವರ್ಷಕ್ಕೊಂದು ವಾರ, ವೇಕ್ಸ್ ವೀಕ್. ನಮ್ಮ ಊರ ಜಾತ್ರಿ ಇದ್ದಂಗ, ಒಂದೊಂದ ಊರಿಗೆ ಒಂದೊಂದ ವಾರ, ಬರ್ನ್ಲಿಗೆ ಜುಲೈದಾಗ. ಆ ವಾರ ಊರಾಗಿನ ಎಲ್ಲಾ ಗಿರಣಿ ಬಂದ್, ಊರಿಗೆ ಊರ ರೈಲು ಹತ್ತಿ ಸಮುದ್ರದ ದಂಡಿ ಬ್ಲ್ಯಾಕ್‌ಪೂಲಿಗೆ. 1938ರ ಕಾಯ್ದೆ ಬರೂತನಾ ಸೂಟಿ ವಾರಕ್ಕ ಪಗಾರ ಇಲ್ಲ, ಅದಕ್ಕ ವರ್ಷಪೂರ್ತಿ ಚೀಟಿ ಹಾಕಿದಂಗ ಕ್ಲಬ್ಬಿನ್ಯಾಗ ರೊಕ್ಕ ಕಟ್ಟಿ ಆ ಒಂದ ವಾರದಾಗ ಉಡಾಯಿಸಿ ಬರೂದು. ರೈಲಿನ್ಯಾಗಿಂದ ಬ್ಲ್ಯಾಕ್‌ಪೂಲ್ ಟವರ್, 1894ರಾಗ ಕಟ್ಟಿದ್ದು, 518 ಫೂಟು, ಅದು ಯಾರಿಗೆ ಮೊದಲ ಕಾಣತೈತೋ ಅವರಿಗೆ ಅಪ್ಪ ಒಂದು ಪೆನ್ನಿ ಕೊಡ್ತಿದ್ದ. ಇಳಕೊಳ್ಳೂ ಮನ್ಯಾಕಿ ಭಾಳ ಖಡಕ್, ಟೇಬಲ್ ಮ್ಯಾಲಿನ ಉಪ್ಪು ಮೆಣಸಿನಪುಡಿಗೂ ಬ್ಯಾರೆ ಚಾರ್ಜು. ಮತ್ತ ಅಲ್ಲಿ ಹೋದ್ರೂ ಎಡಕ್ಕ ಬಲಕ್ಕ ಅದ ಓಣಿ ಮಂದಿ! ಊರಾಗ ಉಳದ ಮುದುಕರು ಹೇಳೂದು ಏನಂದ್ರ, ಆ ವಾರ ಚಿಮಣಿ ಹೊಗಿ ನಿಂತು ಪೆಂಡಲ್ ಗುಡ್ಡ ಕೈಗೆ ಹತ್ತೂವಷ್ಟು ಹತ್ರ ಕಾಣ್ತಿತ್ತಂತ. ವರ್ಷದಾಗ ಉಳದ ದಿನ ಗುಡ್ಡ ಐತಿ ಅನ್ನೂದ ಮರ್ತಿರ್ತಿದ್ರು. ಆ ಗುಡ್ಡದ್ದೂ ಒಂದು ಕೆಟ್ಟ ಕತಿ ಐತಿ, 1612ರಾಗ ಮಾಟಗಾತ್ಯಾರು ಅಂತ ಆ ಸುತ್ತಲಿನ ಮಂದೀನ್ನ ಗಲ್ಲಿಗೆ ಹಾಕಿದ್ರು, ಸುಮಾರು ಒಂಬತ್ತು ವರ್ಷದ ಜೆನೆಟ್ ಡಿವೈಸ್ ಅನ್ನೂ ಹುಡಗಿ ಕೋರ್ಟಿನ್ಯಾಗ ನಿಂತು ತನ್ನ ಹಡದವ್ವನ ವಿರುದ್ಧನ ಸಾಕ್ಷಿ ಹೇಳಿದ್ಳು. ಈಗ ಅಲ್ಲೆ ಬಸ್ಸಿನ ಮ್ಯಾಲ ಮಾಟಗಾತಿ ಚಿತ್ರ ಬರದು ಓಡಸ್ತಾರ. ನನಗ್ಯಾಕೋ ಅದು ಸೇರಲಿಲ್ಲ.

1942ರಾಗ ಹದಿನಾಲ್ಕು ತುಂಬಿತು, ಅಜ್ಜಿನೂ ಗಿರಣಿಗೆ ಹೊಂಟ್ರು. ಅಲ್ಲೆ ಕಲಿಯೂ ಮೊದಲನೇ ವಿದ್ಯೆ ನೇಯೂದಲ್ಲ, ತುಟಿ ಓದೂದು. ಒಂದ ಛತ್ತಿನ ಕೆಳಗ ನೂರಾರು ಮಗ್ಗ ಬಡಕೊಳ್ಳೂ ಸಪ್ಪಳದಾಗ ಕಿವಿ ಕೆಲಸ ಮಾಡೂದಿಲ್ಲ. ಹಿಂಗಾಗಿ ತುಟಿ, ಗಲ್ಲ, ಹುಬ್ಬು ಎಲ್ಲಾ ಬಳಸಿ ದೊಡ್ಡದಾಗಿ ಮಾತಾಡ್ತಿದ್ರು, ದನಿ ಇಲ್ಲದ. ಮೀ ಮಾ ಅಂತ ಅದಕ್ಕ ಹೆಸರು. ಶೆಡ್ಡಿನ ಈ ತುದಿಗೆ ನಿಂತು ಆ ತುದಿಯವರ ಜೋಡಿ ಕೂಡಿ ಯಾರದಾದ್ರೂ ಮನಿ ಸುದ್ದಿ ಆಡಬಹುದಿತ್ತು. ಅಜ್ಜಿ ಬಸ್ಸಿನ್ಯಾಗ ಕುಂತು ಕಿಡಕ್ಯಾಚೆ ಮಾತಾಡಾವರ ಗುಟ್ಟೆಲ್ಲಾ ನನಗ ಹೇಳ್ತಿದ್ರು. ನಾನೂ ನನ್ನ ಗಂಡಾನೂ ಕನ್ನಡದಾಗ ಜಗಳಾ ಮಾಡಿದ್ದಷ್ಟ ಅವರಿಗೆ ತಿಳೀತಿರಲಿಲ್ಲ ಅಂತ ನಂಬಿದ್ದೆ, ಆದ್ರ ಜಗಳದ ಮರುದಿನಾನ ಕೇಕ್ ಬರ್ತಿತ್ತು.

ಎರಡನೇ ವಿದ್ಯೆ ಲಾಳಿಗೆ ಮುತ್ತು ಕೊಡೂದು. ಲಾಳಿಯೊಳಗ ಹೊಸ ಕಂಡಿಕಿ ಹಾಕಿದಾಗ ಅದರ ನೂಲಿನ ತುದಿ ಲಾಳಿಯ ಸಣ್ಣ ತೂತಿನ್ಯಾಗ ಬರಬೇಕಲ್ಲ, ಅದಕ್ಕ ತೂತಿಗೆ ಬಾಯಿ ಹಚ್ಚಿ ಉಸಿರೆಳೆದ್ರ ನೂಲು ಹೊರಗ ಬರ್ತಿತ್ತು. ದಿನಕ್ಕ ನೂರಾರು ಸಲ. ಒಬ್ಬರು ಬಾಯಿ ಹಚ್ಚಿದ ಲಾಳಿಗೆ ಇನ್ನೊಬ್ಬರು ಬಾಯಿ. ಕ್ಷಯ ಹಬ್ಬೂ ದಾರಿ ಇದು ಅಂತ ಡಾಕ್ಟರು ಬಡಕೊಂಡ್ರೂ ನಿಂತಿರಲಿಲ್ಲ, ಕಾಯ್ದೆ ಪ್ರಕಾರ ಬಂದ್ ಆದದ್ದು 1952ರಾಗ. ಹಲ್ಲು ಹುಳಕ ಆಗೂದು ಅಂತೂ ಎಲ್ಲಾರಿಗೂ. ಅಜ್ಜಿಗೆ ಇಪ್ಪತ್ತೊಂದು ತುಂಬಿದಾಗ ಮನಿಯವರು ಕೊಟ್ಟ ಉಡುಗೊರಿ ಏನು ಗೊತ್ತೇನ್ರಿ, ಇದ್ದಬಿದ್ದ ಹಲ್ಲೆಲ್ಲಾ ಕೀಳಿಸಿ ಒಂದು ಸೆಟ್ ಕಟ್ಟಿಸಿ ಕೊಟ್ಟಿದ್ದು. ಮದವಿ ಆದಮ್ಯಾಲ ಗಂಡಗ ಡೆಂಟಿಸ್ಟ್ ಖರ್ಚು ಬರಬಾರದು ಅಂತ. ಆಗ ಅಲ್ಲೆ ಹಂಗ ರೂಢಿ ಇತ್ತು.

ಬರ್ನ್ಲಿ ದಂಡಿಗೆ ಕ್ವೀನ್ ಸ್ಟ್ರೀಟ್ ಮಿಲ್ ಅಂತ ಐತಿ, ಹಬಿ ಇಂಜಿನ್ನಿನಿಂದ ನಡದ ಕಡೇ ನೇಯ್ಗಿ ಗಿರಣಿ, 1982ರಾಗ ಬಂದ್ ಆಗಿ ಮ್ಯೂಸಿಯಂ ಆತು. ಆ ಇಂಜಿನ್ನಿನ ಹೆಸರು ಪೀಸ್, ಶಾಂತಿ. ನೋಡಾಕ ಹೋಗೂಣು ಬರ್ರಿ ಅಂತ ಅಜ್ಜೀನ್ನ ಕರದೆ. ನಲವತ್ತು ವರ್ಷ ಆ ಸಪ್ಪಳ ಕೇಳಾಕ ನನಗ ರೊಕ್ಕ ಕೊಟ್ರು, ಈಗ ನಾ ರೊಕ್ಕ ಕೊಟ್ಟು ಕೇಳ್ಲೇನು, ಅಂದ್ರು. ನಾ ಒಬ್ಬಾಕಿನ ಹೋದೆ. ಬರೇ ಹತ್ತಿಪ್ಪತ್ತು ಮಗ್ಗ ನಡಸಿ ತೋರಸಿದ್ರು, ಹೊರಗ ಬಂದಮ್ಯಾಲ ಅರ್ಧ ತಾಸು ಕಿವಿಯೊಳಗ ಗುಂಯ್.

ಲೈಬ್ರರಿಯೊಳಗ ತಿಂಗಳಿಗೊಮ್ಮೆ ಹಿರ್ಯಾರು ಕೂಡಿ ಬಾಲ್ಯದ ನೆನಪು ಹೇಳೂ ಕಾರ್ಯಕ್ರಮ ಇರ್ತಿತ್ತು. ಅಲ್ಲಿನ ಮಂದಿಗೆ ಇದರ ಭಾಳ ಹುಚ್ಚು, ಒಂದೊಂದ ಓಣಿಗೂ ಒಂದೊಂದ ಸಣ್ಣ ಪುಸ್ತಕ ಇರ್ತಾವ, ಧ್ವನಿ ರೆಕಾರ್ಡ್ ಮಾಡಿ ಇಡ್ತಾರ. 1937ರಿಂದನ ಮಾಸ್ ಅಬ್ಸರ್ವೇಶನ್ ಅನ್ನಾವರು ಬಾಜೂ ಬೋಲ್ಟನ್ನಿನ್ಯಾಗ ಬಿಡಾರ ಹೂಡಿ ಮಂದಿ ಪಬ್ಬಿನ್ಯಾಗ ಏನ್ ಮಾಡ್ತಾರ, ಹುಡುಗೂರು ಓಣ್ಯಾಗ ಏನ್ ಆಡ್ತಾರ ಎಲ್ಲಾ ಬರದಿಟ್ರು, ಹಂಫ್ರಿ ಸ್ಪೆಂಡರ್ ಅನ್ನಾಂವ ಕೋಟಿನ್ಯಾಗ ಕ್ಯಾಮರಾ ಮುಚ್ಚಿಟ್ಕೊಂಡು ಫೋಟೋ ತಗದ. ಭಾಳ ಚಲೋ ಕೆಲಸ, ನಮ್ಮಲ್ಲೆ ಯಾರೂ ಮಾಡಿಲ್ಲ ಅಂತ ಹೊಟ್ಟಿ ಉರೀತೈತಿ. ಆದ್ರ ಆ ಲೈಬ್ರರಿ ಸಭಾದಾಗ ಒಂದು ನಮೂನಿ ಬೆಲ್ಲದ ಪಾಕ ಹರೀತಿರ್ತದ, ಆಗಿನ ಕಾಲ ಎಷ್ಟ ಚಂದ, ಬಾಗಲಾ ತಗದಿಟ್ಟ ಹೋಗ್ತಿದ್ದಿವಿ ಅಂತ. ಒಮ್ಮೆ ಅಜ್ಜಿ ಎದ್ದು ನಿಂತು, ಕದಿಯಾಕ ಮನ್ಯಾಗ ಏನಿತ್ತು ಅಂದ್ರು. ಸಭಾ ಗಪ್. ಆಮ್ಯಾಲ ತಮ್ಮ ಓಣ್ಯಾಗ ಡಿಫ್ತೀರಿಯಾಕ್ಕ ಹೋದ ಮೂರು ಹುಡುಗೂರ ಹೆಸರು ಹೇಳಿ, ಅವರೂ ಬಾಲ್ಯದ ನೆನಪ ಅಲ್ಲೇನು ಅಂತ ಕೇಳಿ ಕುಂತ್ರು.

ಗಾಂಧಿ ಮಾತು ಕೇಳ್ತೀರಿ ಅಂತ ಗೊತ್ತು. 1931ರ ಸೆಪ್ಟೆಂಬರದಾಗ ಲಂಡನ್ನಿಗೆ ದುಂಡುಮೇಜಿನ ಪರಿಷತ್ತಿಗೆ ಹೋದ ಗಾಂಧಿ ಲ್ಯಾಂಕಾಷೈರಿನ ಡಾರ್ವೆನ್ನಿಗೆ ಬಂದಿದ್ರು. ನಮ್ಮವರು ವಿದೇಶಿ ಅರಿವಿ ಬಿಟ್ಟದ್ದರಿಂದ ಗಿರಣಿ ಬಂದ್ ಆಗಿ ಕುಂತ ಮಂದಿ ಮುಂದ ಹೋಗಿ ನಿಲ್ಲೂದು ಅಂದ್ರ ಎದಿ ಬೇಕಲ್ರಿ. ನಿಮ್ಮ ಕಷ್ಟ ಖರೆ, ಆದ್ರ ನಮ್ಮ ಹಳ್ಳಿ ಬಡತನ ನೀವು ನೋಡಿಲ್ಲ ಅಂತ ನೇರ ಹೇಳಿದ್ರು. ಹೆಣಮಕ್ಕಳು ಕೈ ಎತ್ತಿ ಜೈ ಅಂದ ಫೋಟೋ ನೀವೂ ನೋಡಿರ್ತೀರಿ. ಅಜ್ಜಿಯ ಚಿಗವ್ವ ಡಾರ್ವೆನ್ನಿನಾಕಿ, ನೋಡಾಕ ಹೋಗಿದ್ಳು. ರಾಜಕಾರಣದ ಮಾತು ಒಂದೂ ನೆನಪಿರಲಿಲ್ಲಂತ. ಆ ಚಳ್ಯಾಗ ಬರಿಗಾಲು, ಯಾರರೆ ಆ ಮನಷಾಗ ಒಂದು ಜೋಡಿ ಸ್ಟಾಕಿಂಗ್ಸ್ ಕೊಡಬಾರದೇನು, ಅಂತ ಸಾಯೂತನಾ ಅಂತಿದ್ಳಂತ.

ಆಮ್ಯಾಲ ಏನಾತು ಅನ್ನೂದು ಲಗೂನ ಹೇಳಿಬಿಡ್ತೀನಿ. ಯುದ್ಧ ಮುಗದಮ್ಯಾಲ ಒಂದೊಂದ ಗಿರಣಿ ಬಂದ್ ಆಗ್ಕೊಂತ ಬಂದುವು. ರಾತ್ರಿ ಪಾಳಿಗೆ ಅಲ್ಲಿನವರು ಬರಲಿಲ್ಲ, ಪಾಕಿಸ್ತಾನ, ಗುಜರಾತ, ಬಾಂಗ್ಲಾದಿಂದ ಮಂದಿ ಬಂದ್ರು. ಈಗ ಗಿರಣಿನೂ ಇಲ್ಲ. ಅಜ್ಜಿ ಮಗ್ಗದ ಮ್ಯಾಲ ಕಡೇಕ ಕಲಿಸಿದ ಹುಡುಗ ಗುಜರಾತಿನಾಂವ, ಸೂರತ್ ಕಡೆಯಾಂವನ. ಅದನ್ನ ಹೇಳಿ ಮತ್ತ ನಕ್ಕರು.

ಮಾತು ಮುಗದಮ್ಯಾಲ ಪ್ರಶ್ನಿ ಕೇಳ್ರಿ ಅಂದಾಗ ಹಿಂದ ಕುಂತಿದ್ದ ಒಬ್ಬ ಅಜ್ಜಾರು ಎದ್ರು. ಅವರು ಮೂವತ್ತು ವರ್ಷ ಹತ್ತಿಯಿಂದ ಬೀಜ ಬ್ಯಾರೆ ಮಾಡೂ ಜಿನ್ನಿಂಗ್ ಫ್ಯಾಕ್ಟರಿಯೊಳಗ ದುಡದವರು ಅಂತ ಆಮ್ಯಾಲ ತಿಳೀತು. ಆ ಹತ್ತಿ ಧೂಳ ಅವರಿಗೂ ಎದಿ ಹಿಡೀತಿತ್ತೇನ್ರಿ ಅಕ್ಕಾರ, ಅಂದ್ರು. ಹಿಡೀತಿತ್ರಿ ಅಂದೆ, ಬಿಸಿನೋಸಿಸ್ ಅಂತಾರ, ಆದ್ರ ಗಿರಣಿ ಮಂದಿ ಅದಕ್ಕ ಸೋಮವಾರದ ಜ್ವರ ಅಂತಿದ್ರು, ರವಿವಾರ ಸೂಟಿ ಮುಗಿಸಿ ಸೋಮವಾರ ಮತ್ತ ಧೂಳಿನ್ಯಾಗ ಬಂದ ಕೂಡಲೆ ಎದಿ ಬಿಗೀತಿತ್ತು, ವಾರ ಸರದಂಗ ಸ್ವಲ್ಪ ಸಡಲ ಆಗ್ತಿತ್ತು.

ಅಜ್ಜಾರು ತಲಿ ಅಲ್ಲಾಡಿಸಿ, ನಮಗ ಬುಧವಾರ ಬರ್ತಿತ್ರಿ, ಅಂದ್ರು. ನಮ್ಮ ಜಿನ್ನಿಗೆ ಸೂಟಿ ಮಂಗಳವಾರ ಇತ್ತು.